ಲ್ಯಾಕ್ಟೇಟಿನಿಂದ ಪೈರುವೇಟಿಗೆ: ಹಿಂದಿರುಗುವ ದಾರಿಯ ಪಾಠ

(ವಿಜ್ಞಾನ ಅಧ್ಯಾಪಕರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಪ್ರೌಢಶಾಲೆಯಲ್ಲಿ ಉಸಿರಾಟದ ಪಾಠ ಬಂದಾಗ ನಾವೆಲ್ಲರೂ ಕರಿಹಲಗೆಯ ಮೇಲೆ ಒಂದು ಕವಲಿನ ಚಿತ್ರವನ್ನು ಬರೆಯುತ್ತೇವೆ. ಗ್ಲೂಕೋಸ್ ಒಡೆದು ಪೈರುವೇಟ್ ಆಗುತ್ತದೆ. ಅಲ್ಲಿಂದ ಮೂರು ಬಾಣಗಳು ಹೊರಡುತ್ತವೆ. ಯೀಸ್ಟಿನಲ್ಲಿ ಮದ್ಯಸಾರ, ದಣಿದ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ, ಮೈಟೊಕಾಂಡ್ರಿಯದಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಈ ಮೂರರಲ್ಲಿ ನಡುವಿನ ಬಾಣದ ಕುರಿತಷ್ಟೇ ಇಂದು ನಿಮ್ಮೊಡನೆ ಕೆಲವು ಮಾತುಗಳನ್ನು ಹಂಚಿಕೊಳ್ಳುತ್ತೇನೆ. ನಾವು ಬರೆಯುವ ಆ ಬಾಣಕ್ಕೆ ಒಂದೇ ತುದಿಯಲ್ಲಿ ಮೊನೆಯಿದೆ. ಇರಬೇಕಾದದ್ದು ಎರಡು ತುದಿಗಳಲ್ಲಿ. ಒಂದು ಮೊನೆ ಬಿಟ್ಟುಹೋದುದರಿಂದ, ಲ್ಯಾಕ್ಟಿಕ್ ಆಮ್ಲವೆಂದರೆ ದೇಹದಲ್ಲಿ ಸೇರಿಕೊಳ್ಳುವ ಕಸ, ಅದೇ ನೋವಿನ ಮೂಲ ಎಂಬ ಭಾವನೆ ಮಕ್ಕಳ ಮನಸ್ಸಿನಲ್ಲಿ ಬೇರೂರುತ್ತದೆ. ಆ ಮೊನೆಯನ್ನು ಮತ್ತೆ ಬರೆಯುವುದು ಹೇಗೆ ಎಂಬುದೇ ಇಂದಿನ ವಿಷಯ.

ಈ ಕ್ರಿಯೆಯನ್ನು ನಡೆಸುವ ಕಿಣ್ವದ ಹೆಸರು ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್. ಹೆಸರು ಉದ್ದವಾಗಿದೆ, ಆದರೆ ಬಿಡಿಸಿ ಹೇಳಿದರೆ ಎಂಟನೆಯ ತರಗತಿಯ ಮಗುವಿಗೂ ಅರ್ಥವಾಗುತ್ತದೆ. 'ಡಿ' ಎಂದರೆ ತೆಗೆಯುವುದು, 'ಹೈಡ್ರೋಜನ್' ಎಂದರೆ ಜಲಜನಕ, 'ಏಸ್' ಎಂಬುದು ಕಿಣ್ವಗಳಿಗೆ ಇಡುವ ಹೆಸರಿನ ಕೊನೆ. ಲ್ಯಾಕ್ಟೇಟಿನಿಂದ ಜಲಜನಕವನ್ನು ತೆಗೆಯುವ ಕಿಣ್ವ ಎಂದು ಅರ್ಥ. ಲ್ಯಾಕ್ಟಿಕ್ ಆಮ್ಲದ ಅಣುವಿನಲ್ಲಿ ಮೂರು ಇಂಗಾಲ, ಆರು ಜಲಜನಕ, ಮೂರು ಆಮ್ಲಜನಕ. ಪೈರುವಿಕ್ ಆಮ್ಲದಲ್ಲಿ ಮೂರು ಇಂಗಾಲ, ನಾಲ್ಕು ಜಲಜನಕ, ಮೂರು ಆಮ್ಲಜನಕ. ಇವೆರಡರ ನಡುವಿನ ಅಂತರ ಎರಡೇ ಎರಡು ಜಲಜನಕ ಪರಮಾಣುಗಳು. ಅವನ್ನು ತೆಗೆದರೆ ಲ್ಯಾಕ್ಟೇಟ್ ಪೈರುವೇಟ್ ಆಗುತ್ತದೆ. ಸೇರಿಸಿದರೆ ಪೈರುವೇಟ್ ಲ್ಯಾಕ್ಟೇಟ್ ಆಗುತ್ತದೆ. ಮೊದಲನೆಯದು ಉತ್ಕರ್ಷಣ, ಎರಡನೆಯದು ಅಪಕರ್ಷಣ. ರಸಾಯನಶಾಸ್ತ್ರದ ಪಾಠದಲ್ಲಿ ಕಲಿಸುವ ಈ ಎರಡು ಪದಗಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇರೆ ಬೇಕಿಲ್ಲ. ಅದು ಮಗುವಿನ ಮೈಯೊಳಗೇ ನಡೆಯುತ್ತಿದೆ.

ಒಂದು ವಿಷಯವನ್ನು ಗಮನಿಸಿ. ವಿಜ್ಞಾನಿಗಳು ಈ ಕಿಣ್ವಕ್ಕೆ ಹೆಸರಿಟ್ಟದ್ದು ಲ್ಯಾಕ್ಟೇಟಿನಿಂದ ಪೈರುವೇಟಿನ ಕಡೆಗೆ ಹೋಗುವ ದಾರಿಯನ್ನು ಹಿಡಿದು. ನಮ್ಮ ಪಾಠಗಳು ತೋರಿಸುವುದು ಅದರ ಎದುರು ದಿಕ್ಕನ್ನು ಮಾತ್ರ. ಹೆಸರು ಒಂದು ದಿಕ್ಕನ್ನು ಹೇಳುತ್ತದೆ, ಚಿತ್ರ ಇನ್ನೊಂದನ್ನು ಹೇಳುತ್ತದೆ. ಎರಡೂ ನಿಜ.

ಹಾಗಾದರೆ ದೇಹಕ್ಕೆ ಈ ಎರಡು ದಿಕ್ಕಿನ ಓಡಾಟ ಏಕೆ ಬೇಕು? ಗ್ಲೂಕೋಸನ್ನು ಒಡೆಯುವಾಗ ಹೊರಬರುವ ಜಲಜನಕವನ್ನು ಹೊರಲು ಜೀವಕೋಶದಲ್ಲಿ ಎನ್‌ಎಡಿ ಎಂಬ ಒಂದು ವಾಹಕವಿದೆ. ಜಲಜನಕವನ್ನು ಹೊತ್ತಾಗ ಅದು ಎನ್‌ಎಡಿಎಚ್ ಆಗುತ್ತದೆ. ಈ ವಾಹಕಗಳ ಸಂಖ್ಯೆ ಬಹಳ ಕಡಿಮೆ. ಇದನ್ನು ಮಕ್ಕಳಿಗೆ ಬಾವಿ ತೋಡುವ ಕೆಲಸದ ಹೋಲಿಕೆಯಿಂದ ವಿವರಿಸಬಹುದು. ಕೆಳಗೆ ಅಗೆಯುವವರಿದ್ದಾರೆ, ಮಣ್ಣು ಮೇಲಕ್ಕೆ ತರಲು ಹತ್ತೇ ಬುಟ್ಟಿಗಳಿವೆ. ತುಂಬಿದ ಬುಟ್ಟಿಗಳನ್ನು ಮೇಲೆ ಬರಿದು ಮಾಡಿ ಇಳಿಸದಿದ್ದರೆ ಅಗೆತ ನಿಂತುಹೋಗುತ್ತದೆ. ಮಣ್ಣನ್ನು ದೂರದ ಹೊಲಕ್ಕೆ ಸಾಗಿಸಲು ಗಾಡಿ ಬರುವುದು ತಡವಾದರೆ, ಬಾವಿಯ ದಡದಲ್ಲೇ ಸುರಿದು ಬುಟ್ಟಿಯನ್ನು ಖಾಲಿ ಮಾಡುತ್ತಾರೆ. ಇಲ್ಲಿ ಬುಟ್ಟಿಯೇ ಎನ್‌ಎಡಿ, ಗಾಡಿ ಮೈಟೊಕಾಂಡ್ರಿಯ, ದಡದ ಮೇಲಿನ ಗುಡ್ಡೆ ಲ್ಯಾಕ್ಟೇಟ್. ಬುಟ್ಟಿಯನ್ನು ಬರಿದು ಮಾಡುವ ಕೈ ಈ ಕಿಣ್ವ. ವೇಗವಾಗಿ ಓಡುವ ಮಗುವಿನ ಕಾಲಿನ ಸ್ನಾಯುವಿನಲ್ಲಿ ಈ ಕೈಗಳು ನಿಂತರೆ, ಗ್ಲೂಕೋಸಿನಿಂದ ದೊರೆಯುವ ಎರಡು ಎಟಿಪಿಗಳ ತುರ್ತು ಶಕ್ತಿಯೂ ನಿಲ್ಲುತ್ತದೆ. ಲ್ಯಾಕ್ಟೇಟ್ ಉಂಟಾಗುವುದು ಓಟವನ್ನು ನಿಲ್ಲಿಸುವ ವಿಘ್ನವೆಂದು ನಾವು ಹೇಳುತ್ತ ಬಂದಿದ್ದೇವೆ. ವಾಸ್ತವದಲ್ಲಿ ಅದು ಓಟವನ್ನು ಇನ್ನಷ್ಟು ಹೊತ್ತು ಮುಂದುವರಿಸುವ ಉಪಾಯ.

ಹೋಲಿಕೆಯ ಉಳಿದ ಅರ್ಧವನ್ನೂ ಮಕ್ಕಳಿಗೆ ಹೇಳಬೇಕು. ದಡದ ಮೇಲಿನ ಮಣ್ಣನ್ನು ಯಾರೂ ಎಸೆಯುವುದಿಲ್ಲ; ಗಾಡಿ ಬಂದಾಗ ಹೊಲದ ಬದುವಿಗೆ ಹಾಕುತ್ತಾರೆ. ಹಾಗೆಯೇ ಸ್ನಾಯುವಿನಿಂದ ರಕ್ತಕ್ಕೆ ಸೇರಿದ ಲ್ಯಾಕ್ಟೇಟನ್ನು ಹೃದಯ, ಯಕೃತ್ತು ಮತ್ತು ಬಿಡುವಾಗಿರುವ ಇತರ ಸ್ನಾಯುಗಳು ಎತ್ತಿಕೊಳ್ಳುತ್ತವೆ. ಅಲ್ಲಿ ಇದೇ ಕಿಣ್ವ ಅದರಿಂದ ಜಲಜನಕವನ್ನು ತೆಗೆದು ಮತ್ತೆ ಪೈರುವೇಟ್ ಮಾಡುತ್ತದೆ. ಹೃದಯದ ಸ್ನಾಯು ಆ ಪೈರುವೇಟನ್ನು ಉರಿಸಿ ಶಕ್ತಿ ಪಡೆಯುತ್ತದೆ. ಯಕೃತ್ತು ಅದರಿಂದ ಪುನಃ ಗ್ಲೂಕೋಸ್ ಕಟ್ಟಿ ರಕ್ತಕ್ಕೆ ಬಿಡುತ್ತದೆ. ಎರಡು ಎಟಿಪಿ ಗಳಿಸಿಕೊಟ್ಟ ಗ್ಲೂಕೋಸನ್ನು ಮರಳಿ ಕಟ್ಟಲು ಯಕೃತ್ತು ಆರು ಎಟಿಪಿಗಳಷ್ಟು ಶಕ್ತಿಯನ್ನು ವ್ಯಯಿಸುತ್ತದೆ. ಸ್ನಾಯು ಮಾಡಿದ ಸಾಲವನ್ನು ಯಕೃತ್ತು ತೀರಿಸುತ್ತದೆ ಎನ್ನಬಹುದು. ಈ ಚಕ್ರವನ್ನು 1929ರಲ್ಲಿ ವಿವರಿಸಿದವರು ಕಾರ್ಲ್ ಕೋರಿ ಮತ್ತು ಗೆರ್ಟಿ ಕೋರಿ ದಂಪತಿಗಳು. ಗ್ಲೈಕೋಜನ್ ಕುರಿತ ಕೆಲಸಕ್ಕಾಗಿ 1947ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ದೊರೆಯಿತು. ಅಂದರೆ ಹಿಂದಿರುಗುವ ದಾರಿಯ ಅರಿವು ಹೊಸದೇನೂ ಅಲ್ಲ. ನಮ್ಮ ಪಾಠಕ್ಕೆ ಅದು ತಲುಪಲಿಲ್ಲ ಅಷ್ಟೆ.

ಹಾಗಿದ್ದರೆ 'ಕಸ' ಎಂಬ ಕಲ್ಪನೆ ಎಲ್ಲಿಂದ ಬಂತು? ಇದರ ಚರಿತ್ರೆ ಸ್ವತಃ ಒಂದು ವಿಜ್ಞಾನಪಾಠ. 1780ರಲ್ಲಿ ಸ್ವೀಡನ್ನಿನ ಕಾರ್ಲ್ ಷೀಲೆ ಹುಳಿಹಾಲಿನಿಂದ ಈ ಆಮ್ಲವನ್ನು ಬೇರ್ಪಡಿಸಿದನು. ಲ್ಯಾಟಿನಿನಲ್ಲಿ ಹಾಲಿಗೆ ಇರುವ ಪದದಿಂದಲೇ ಲ್ಯಾಕ್ಟಿಕ್ ಎಂಬ ಹೆಸರು ಬಂತು. 19ನೆಯ ಶತಮಾನದ ಆರಂಭದಲ್ಲಿ ಬೆರ್ಸೀಲಿಯಸ್ ಅದನ್ನು ಪ್ರಾಣಿಗಳ ಸ್ನಾಯುವಿನಲ್ಲಿಯೂ ಕಂಡನು. 1907ರಲ್ಲಿ ಕೇಂಬ್ರಿಡ್ಜಿನ ಫ್ಲೆಚರ್ ಮತ್ತು ಹಾಪ್ಕಿನ್ಸ್ ಕಪ್ಪೆಯ ಸ್ನಾಯುವನ್ನು ದೇಹದಿಂದ ಬೇರ್ಪಡಿಸಿ, ಆಮ್ಲಜನಕವಿಲ್ಲದೆ ಅದನ್ನು ದಣಿಸಿದರು. ಸ್ನಾಯು ದಣಿಯಿತು, ಲ್ಯಾಕ್ಟಿಕ್ ಆಮ್ಲ ಹೆಚ್ಚಿತು. ಎರಡೂ ಒಟ್ಟಿಗೆ ಕಂಡವು. ಆದುದರಿಂದ ಆಮ್ಲವೇ ದಣಿವಿಗೆ ಕಾರಣವೆಂಬ ನಂಬಿಕೆ ಕ್ರಮೇಣ ಗಟ್ಟಿಯಾಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ನಮ್ಮ ಗಾದೆಯನ್ನು ಇಲ್ಲಿ ನೆನೆಯಬೇಕು. ದೇಹದಿಂದ ಕತ್ತರಿಸಿದ ಸ್ನಾಯುವಿಗೆ ರಕ್ತ ಹರಿಯುವುದಿಲ್ಲ. ಉಂಟಾದ ಲ್ಯಾಕ್ಟೇಟನ್ನು ಸಾಗಿಸಲು ಹೃದಯವಿಲ್ಲ, ಯಕೃತ್ತಿಲ್ಲ. ಅಂಥ ಸ್ನಾಯುವಿನಲ್ಲಿ ಅದು ಸಂಗ್ರಹವಾಗದೆ ಇನ್ನೇನಾದೀತು? ಅದೇ ಪ್ರಯೋಗದಲ್ಲಿ, ಆಮ್ಲಜನಕವನ್ನು ಒದಗಿಸಿದಾಗ ಆ ಆಮ್ಲ ಮಾಯವಾಗುವುದನ್ನೂ ಅವರಿಬ್ಬರೂ ಕಂಡು ಬರೆದಿದ್ದರು. ಮುಂದಿನವರು ಮೊದಲ ಅರ್ಧವನ್ನು ಹೆಚ್ಚು ನೆನಪಿಟ್ಟುಕೊಂಡರು. 1980ರ ದಶಕದಿಂದ ಅಮೆರಿಕದ ಜಾರ್ಜ್ ಬ್ರೂಕ್ಸ್ ಮತ್ತು ಇತರರು ನಡೆಸಿದ ಸಂಶೋಧನೆಗಳು, ಲ್ಯಾಕ್ಟೇಟ್ ಅಂಗದಿಂದ ಅಂಗಕ್ಕೆ ಸಾಗುವ ಇಂಧನವೆಂಬುದನ್ನು ಸ್ಥಾಪಿಸಿದವು.

ಈಗ ನಮ್ಮ ತರಗತಿಯ ಮುಖ್ಯ ತೊಡಕಿಗೆ ಬರೋಣ. ಹಠಾತ್ ಶ್ರಮದಿಂದ ಲ್ಯಾಕ್ಟಿಕ್ ಆಮ್ಲ ಸಂಗ್ರಹವಾಗಿ ಸ್ನಾಯು ಸೆಳೆತ ಉಂಟಾಗುತ್ತದೆ ಎಂಬ ಮಾತು ಹಲವು ಪುಸ್ತಕಗಳಲ್ಲಿದೆ. ಒಬ್ಬ ಚುರುಕಾದ ವಿದ್ಯಾರ್ಥಿನಿ ಎದ್ದು ನಿಂತು, "ಟೀಚರ್, ನಮ್ಮಜ್ಜಿಗೆ ರಾತ್ರಿ ಮಲಗಿದಾಗಲೇ ಮೀನಖಂಡ ಹಿಡಿದುಕೊಳ್ಳುತ್ತದಲ್ಲ, ಆಗ ಆಮ್ಲ ಎಲ್ಲಿಂದ ಬಂತು?" ಎಂದು ಕೇಳಿದರೆ ಏನು ಹೇಳುವಿರಿ? ಆ ಪ್ರಶ್ನೆಯನ್ನು ಅಡಗಿಸಬೇಡಿ. ಅದು ಸರಿಯಾದ ಪ್ರಶ್ನೆ. ಸೆಳೆತಕ್ಕೆ ಲ್ಯಾಕ್ಟೇಟ್ ಕಾರಣವೆಂಬುದಕ್ಕೆ ವಿರುದ್ಧವಾದ ಸಾಕ್ಷ್ಯಗಳು ಬಲವಾಗಿವೆ. ಅವುಗಳಲ್ಲಿ ಮೂರನ್ನು ಹೇಳುತ್ತೇನೆ.

ಮೊದಲನೆಯದು ಕಾಲದ ಲೆಕ್ಕ. ವಿಶ್ರಾಂತಿಯಲ್ಲಿ ಒಂದು ಲೀಟರ್ ರಕ್ತದಲ್ಲಿ ಸುಮಾರು 1 ಮಿಲಿಮೋಲ್‌ನಷ್ಟಿರುವ ಲ್ಯಾಕ್ಟೇಟ್, ಉಸಿರುಗಟ್ಟುವಂಥ ಓಟದ ನಂತರ ಅದರ ಹತ್ತು ಪಟ್ಟಿಗೂ ಮೀರಬಹುದು. ಆದರೆ ಸುಮಾರು ಒಂದು ಗಂಟೆಯೊಳಗೆ ಅದು ಹಿಂದಿನ ಮಟ್ಟದ ಸಮೀಪಕ್ಕೆ ಇಳಿಯುತ್ತದೆ. ಕ್ರೀಡಾಕೂಟದ ಮರುದಿನ, ಅದರ ಮರುದಿನ ಕಾಡುವ ಮೈಕೈನೋವಿಗೆ ಅಂದೇ ಇಳಿದುಹೋದ ವಸ್ತು ಕಾರಣವಾಗಲಾರದು. ಆ ನೋವು ಅಭ್ಯಾಸವಿಲ್ಲದ ಶ್ರಮದಿಂದ ಸ್ನಾಯುತಂತುಗಳಿಗೆ ಆಗುವ ಸೂಕ್ಷ್ಮ ಗಾಯಗಳಿಗೆ ಮತ್ತು ಅವು ಮಾಯುವ ಕ್ರಿಯೆಗೆ ಸಂಬಂಧಿಸಿದ್ದು.

ಎರಡನೆಯದು 1951ರಲ್ಲಿ ಬ್ರಿಟನ್ನಿನ ವೈದ್ಯ ಬ್ರಯಾನ್ ಮೆಕಾರ್ಡಲ್ ವರ್ಣಿಸಿದ ಒಂದು ಅಪರೂಪದ ವಂಶಪಾರಂಪರ್ಯ ಕಾಯಿಲೆ. ಆ ರೋಗಿಗಳ ಸ್ನಾಯು ತನ್ನ ಗ್ಲೈಕೋಜನ್ನನ್ನು ಒಡೆಯಲಾರದು. ಆದುದರಿಂದ ಶ್ರಮಪಟ್ಟಾಗಲೂ ಅವರ ರಕ್ತದಲ್ಲಿ ಲ್ಯಾಕ್ಟೇಟ್ ಏರುವುದಿಲ್ಲ. ಆದರೂ ಅವರ ಸ್ನಾಯುಗಳು ಸ್ವಲ್ಪ ಶ್ರಮಕ್ಕೇ ನೋಯುತ್ತವೆ, ಬಿಗಿದುಕೊಳ್ಳುತ್ತವೆ.

ಮೂರನೆಯದು ನಮ್ಮ ಕಿಣ್ವಕ್ಕೇ ಸಂಬಂಧಿಸಿದ್ದು. 1980ರಲ್ಲಿ ಜಪಾನಿನ ವೈದ್ಯರು ಸ್ನಾಯುವಿನ ಬಗೆಯ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಹುಟ್ಟಿನಿಂದಲೇ ಇಲ್ಲದ ಸ್ಥಿತಿಯನ್ನು ವರದಿ ಮಾಡಿದರು. ಇಂಥವರಲ್ಲಿ ಶ್ರಮಪಟ್ಟಾಗ ಪೈರುವೇಟ್ ಏರುತ್ತದೆ, ಲ್ಯಾಕ್ಟೇಟ್ ಏರುವುದು ಅತ್ಯಲ್ಪ. ಲ್ಯಾಕ್ಟೇಟೇ ದಣಿವಿನ ಕಾರಣವಾಗಿದ್ದರೆ ಇವರು ದಣಿಯದ ಓಟಗಾರರಾಗಬೇಕಿತ್ತು. ಆದರೆ ಇವರು ಬೇಗ ಬಳಲುತ್ತಾರೆ, ಕಠಿಣ ಶ್ರಮದಲ್ಲಿ ಅವರ ಸ್ನಾಯುಗಳಿಗೆ ಹಾನಿಯಾಗುತ್ತದೆ. ಬುಟ್ಟಿ ಬರಿದಾಗದೆ ಅಗೆತ ನಿಂತ ಬಾವಿಯ ಸ್ಥಿತಿ ಅವರದು.

ಹಾಗೆಂದು ಶ್ರಮದ ಸಮಯದಲ್ಲಿ ಸ್ನಾಯುವಿನ ಆಮ್ಲತೆ ಹೆಚ್ಚುವುದಿಲ್ಲವೆಂದಲ್ಲ. ಹೆಚ್ಚುತ್ತದೆ, ಉರಿಯ ಅನುಭವಕ್ಕೆ ಅದರ ಪಾಲೂ ಇರಬಹುದು. ಆದರೆ ಪೈರುವೇಟನ್ನು ಲ್ಯಾಕ್ಟೇಟ್ ಮಾಡುವ ಈ ಹೆಜ್ಜೆ ಸ್ವತಃ ಒಂದು ಜಲಜನಕ ಅಯಾನನ್ನು ಬಳಸಿಕೊಳ್ಳುತ್ತದೆ, ಆಮ್ಲತೆಯನ್ನು ಹೆಚ್ಚಿಸುವುದಿಲ್ಲ. ಸೆಳೆತದ ವಿಷಯದಲ್ಲಿ ಇಂದು ಹೆಚ್ಚಿನ ಸಂಶೋಧಕರ ಗಮನವಿರುವುದು ದಣಿದ ಸ್ನಾಯುವಿಗೆ ನರಗಳಿಂದ ಬರುವ ಸಂಕೇತಗಳ ಏರುಪೇರಿನ ಮೇಲೆ.

ಪರೀಕ್ಷೆಯಲ್ಲಿ ಮಗು ಏನು ಬರೆಯಬೇಕೆಂದು ನೀವು ಕೇಳುವುದು ಸಹಜ. ನಿಗದಿತ ಪುಸ್ತಕದ ಉತ್ತರವನ್ನು ಮಗು ತಿಳಿದಿರಬೇಕು. ಅದರ ಅಂಕ ನಮ್ಮ ಸತ್ಯನಿಷ್ಠೆಗೆ ಬಲಿಯಾಗಬಾರದು. ಆದರೆ ಟಿಪ್ಪಣಿ ಪುಸ್ತಕದಲ್ಲಿ ಅದರ ಕೆಳಗೆ ಇನ್ನೆರಡು ವಾಕ್ಯಗಳಿರಲಿ: ಲ್ಯಾಕ್ಟೇಟ್ ಮತ್ತೆ ಪೈರುವೇಟ್ ಆಗಿ ಬಳಕೆಯಾಗುತ್ತದೆ, ಸೆಳೆತಕ್ಕೆ ಅದೇ ಕಾರಣವೆಂಬುದನ್ನು ಇಂದಿನ ಸಂಶೋಧನೆ ಒಪ್ಪುವುದಿಲ್ಲ. ಹಾಗೆಯೇ, 'ಆಮ್ಲಜನಕವಿಲ್ಲದಾಗ ಮಾತ್ರ' ಎಂಬಲ್ಲಿನ 'ಮಾತ್ರ' ಎಂಬ ಪದವನ್ನು ಕೈಬಿಡಿ. ಮೈಟೊಕಾಂಡ್ರಿಯವೇ ಇಲ್ಲದ ನಮ್ಮ ಕೆಂಪು ರಕ್ತಕಣಗಳು, ತಾವೇ ಆಮ್ಲಜನಕವನ್ನು ಹೊತ್ತು ತಿರುಗುತ್ತಿದ್ದರೂ, ನಾವು ನಿದ್ರಿಸುತ್ತಿರುವಾಗಲೂ ಲ್ಯಾಕ್ಟೇಟನ್ನು ಉಂಟುಮಾಡುತ್ತಲೇ ಇರುತ್ತವೆ.

ಕಿಣ್ವದ ರಚನೆಯ ಕುರಿತು ಸ್ವಲ್ಪ. ಇದು ನಾಲ್ಕು ಉಪಘಟಕಗಳು ಕೂಡಿದ ಪ್ರೋಟೀನು. ಪ್ರತಿಯೊಂದರಲ್ಲೂ ಸುಮಾರು 330 ಅಮೈನೋ ಆಮ್ಲಗಳು. ಉಪಘಟಕಗಳಲ್ಲಿ ಮುಖ್ಯವಾಗಿ ಎರಡು ಬಗೆ: ಹೃದಯದಲ್ಲಿ ಹೆಚ್ಚಾಗಿರುವುದು ಒಂದು, ಬಿರುಸಾಗಿ ದುಡಿಯುವ ಸ್ನಾಯುವಿನಲ್ಲಿ ಹೆಚ್ಚಾಗಿರುವುದು ಇನ್ನೊಂದು. ನಾಲ್ಕು ಸ್ಥಾನಗಳಿಗೆ ಎರಡು ಬಗೆಗಳನ್ನು ತುಂಬಿದರೆ ಎಷ್ಟು ವಿಧಗಳಾಗುತ್ತವೆ ಎಂದು ಮಕ್ಕಳಿಗೆ ಬಣ್ಣದ ಬಳಪಗಳನ್ನು ಕೊಟ್ಟು ಕೇಳಿ. ಐದು ಎಂದು ಅವರೇ ಕಂಡುಹಿಡಿಯುತ್ತಾರೆ. ದೇಹದಲ್ಲಿಯೂ ಐದು ವಿಧಗಳೇ ಇವೆ. ಒಂದೇ ಕೆಲಸ ಮಾಡುವ, ರೂಪ ಬೇರೆಯಾದ ಇಂಥ ಕಿಣ್ವಗಳಿಗೆ ಐಸೊಸೈಮ್ ಎಂಬ ಹೆಸರನ್ನು 1959ರಲ್ಲಿ ಮಾರ್ಕರ್ಟ್ ಮತ್ತು ಮೋಲರ್ ಇಟ್ಟರು. ಒಂದು ಎಚ್ಚರ ಮಾತ್ರ ಇರಲಿ: ಕ್ರಿಯೆ ಯಾವ ಕಡೆಗೆ ಸಾಗಬೇಕೆಂಬುದನ್ನು ಕಿಣ್ವ ನಿರ್ಧರಿಸುವುದಿಲ್ಲ. ಲ್ಯಾಕ್ಟೇಟ್, ಪೈರುವೇಟ್ ಮತ್ತು ಎನ್‌ಎಡಿಯ ಎರಡು ರೂಪಗಳ ಪ್ರಮಾಣ ಅದನ್ನು ನಿರ್ಧರಿಸುತ್ತದೆ. ಕಿಣ್ವವು ಸಂತೆಯ ತೂಬಿನಂತೆ ಎರಡೂ ಕಡೆಗೆ ತೆರೆದ ಬಾಗಿಲು. ಜನ ಹೆಚ್ಚಿರುವ ಕಡೆಯಿಂದ ನುಗ್ಗುತ್ತಾರೆ.

ಇನ್ನು ಪದಗಳ ವಿಷಯ. ಗಡಿಯಾಚೆಯ ನಮ್ಮ ಶಾಲೆಗಳಲ್ಲಿ ಇದು ಕೇವಲ ಭಾಷಾಂತರದ ಪ್ರಶ್ನೆಯಲ್ಲ. ಕಾಸರಗೋಡಿನ ಮಗು ಮಲಯಾಳಂ ವಿಭಾಗದ ಗೆಳೆಯನ ಬಾಯಲ್ಲಿ 'ರಾಸಾಗ್ನಿ' ಎಂಬುದನ್ನು ಕೇಳುತ್ತದೆ. ಹೊಸೂರು, ತಾಳವಾಡಿಗಳ ಮಗುವಿಗೆ ತಮಿಳಿನ 'ನೊದಿ' ಕಿವಿಗೆ ಬೀಳುತ್ತದೆ. ಅಕ್ಕಲಕೋಟ, ಜತ್ತಗಳಲ್ಲಿ ಮರಾಠಿಯ 'ವಿಕರ'. ಆದೋನಿ, ಮಡಕಶಿರಾಗಳಲ್ಲಿ ತೆಲುಗಿನವರು ಬಳಸುವ 'ಎಂಜೈಮ್'. ಇವನ್ನು ಗೊಂದಲವೆಂದು ದೂರವಿಡದೆ ಹಲಗೆಯ ಮೇಲೆ ಒಟ್ಟಿಗೆ ಬರೆಯಿರಿ. ಕಿಣ್ವ ಎಂಬುದು ಸಂಸ್ಕೃತದಿಂದ ಬಂದ ಹಳೆಯ ಮಾತು. ಮದ್ಯವನ್ನು ಹುಳಿಯಿಸಲು ಬಳಸುತ್ತಿದ್ದ ಹುದುಗಿಗೆ ಆ ಹೆಸರಿತ್ತು, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಅದು ಬರುತ್ತದೆ. ತಮಿಳಿನ ನೊದಿಯೂ ಹುದುಗುವಿಕೆಗೆ ಸಂಬಂಧಿಸಿದ ಮಾತೇ. 19ನೆಯ ಶತಮಾನದಲ್ಲಿ ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ ರೂಪಿಸಿದ 'ಎನ್‌ಝೈಮ್' ಎಂಬ ಪದಕ್ಕೂ ಗ್ರೀಕಿನಲ್ಲಿ ಹುದುಗಿನೊಳಗಿನದು ಎಂದೇ ಅರ್ಥ. ಮೂರು ಭಾಷೆಗಳು ಬೇರೆ ಬೇರೆಯಾಗಿ ಹೊರಟು ಅಡುಗೆಮನೆಯ ಒಂದೇ ಪಾತ್ರೆಯ ಬಳಿ ಸೇರುತ್ತವೆ. ತನ್ನ ಭಾಷೆಯ ಪದ ಬಡವಾದದ್ದಲ್ಲ ಎಂಬುದನ್ನು ಮಗು ಹೀಗೆ ತಾನಾಗಿ ತಿಳಿಯುತ್ತದೆ. ಮುಂದೆ ಬೇರೆ ಮಾಧ್ಯಮಕ್ಕೆ ಹೋದಾಗ ಆ ಪದವೂ ಅಪರಿಚಿತವೆನಿಸದು.

ಆ ಪಾತ್ರೆಯಿಂದಲೇ ಪಾಠವನ್ನು ಆರಂಭಿಸಬಹುದು. ಹಾಲಿಗೆ ಹೆಪ್ಪು ಹಾಕಿದಾಗ ಅದರಲ್ಲಿರುವ ಬ್ಯಾಕ್ಟೀರಿಯಗಳು ಹಾಲಿನ ಸಕ್ಕರೆಯನ್ನು ಒಡೆದು, ಇದೇ ಬಗೆಯ ಕಿಣ್ವದಿಂದ ಪೈರುವೇಟನ್ನು ಲ್ಯಾಕ್ಟೇಟ್ ಮಾಡುತ್ತವೆ. ಹಾಲನ್ನೂ ಹುಳಿಮೊಸರನ್ನೂ ನೀಲಿ ಲಿಟ್ಮಸ್ಸಿನಿಂದ ಪರೀಕ್ಷಿಸಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಅವು ಲ್ಯಾಕ್ಟೇಟನ್ನು ಹೊರಚೆಲ್ಲುತ್ತವೆ; ಅವುಗಳಿಗೆ ಅದು ನಿಜಕ್ಕೂ ಕಸ. ನಮ್ಮ ದೇಹ ಅದನ್ನು ಎತ್ತಿಕೊಂಡು ಬಳಸುತ್ತದೆ. ಕಿಣ್ವದ ಕೆಲಸ ಒಂದೇ ಆದರೂ ಬಾಳುವ ಕ್ರಮ ಎರಡು ಎಂಬ ಈ ಹೋಲಿಕೆಯನ್ನು ಮಕ್ಕಳು ಮರೆಯಲಾರರು.

ಆಸ್ಪತ್ರೆಯ ರಕ್ತಪರೀಕ್ಷೆಯ ವರದಿಯಲ್ಲಿ ಕಾಣುವ ಎಲ್‌ಡಿಎಚ್ ಎಂಬ ಮೂರಕ್ಷರ ಇದೇ ಕಿಣ್ವದ್ದು. ಕೋವಿಡ್ ಕಾಲದಲ್ಲಿ ಹಲವು ಮನೆಗಳಿಗೆ ಅದು ಪರಿಚಿತವಾಯಿತು. ಜೀವಕೋಶಗಳಿಗೆ ಎಲ್ಲಿಯೋ ಹಾನಿಯಾದಾಗ ಒಳಗಿನ ಕಿಣ್ವ ರಕ್ತಕ್ಕೆ ಸೋರುತ್ತದೆ. ಹಾನಿ ಎಲ್ಲಿ ಆಯಿತೆಂಬುದನ್ನು ಅದೊಂದೇ ಹೇಳಲಾರದು. ಅದನ್ನು ವೈದ್ಯರು ನಿರ್ಧರಿಸುತ್ತಾರೆ. ಮಲೇರಿಯದ ಪರಾವಲಂಬಿಗೆ ತನ್ನದೇ ಆದ ಬೇರೆ ರೂಪದ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಇದೆ. ಬೆರಳಿನಿಂದ ಒಂದು ತೊಟ್ಟು ರಕ್ತ ತೆಗೆದು ಮಾಡುವ ಮಲೇರಿಯ ಪರೀಕ್ಷೆಯ ಕೆಲವು ಪಟ್ಟಿಗಳು ಅದನ್ನೇ ಗುರುತಿಸುತ್ತವೆ.

ಕೊನೆಯದಾಗಿ, ಈ ಪಾಠದ ಫಲ ಆಟದ ಬಯಲಿನಲ್ಲಿಯೂ ಇದೆ. ಓಡಿ ಬಂದ ಮಗುವನ್ನು ಒಮ್ಮೆಲೇ ಕೂರಿಸದೆ ನಿಧಾನವಾಗಿ ನಡೆದಾಡಿಸಿದರೆ, ದುಡಿಯುವ ಸ್ನಾಯುಗಳು ಲ್ಯಾಕ್ಟೇಟನ್ನು ಇನ್ನೂ ಬೇಗ ಬಳಸಿಕೊಳ್ಳುತ್ತವೆ. ನೋವೆನ್ನುವ ಮಗುವಿಗೆ "ಆಮ್ಲ ಸೇರಿದೆ, ನಾಳೆ ಸರಿಹೋಗುತ್ತದೆ" ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಪ್ರತಿ ಬಾರಿ ಅಲ್ಪ ಶ್ರಮಕ್ಕೇ ಸ್ನಾಯು ಬಿಗಿಯುವ, ಶ್ರಮದ ನಂತರ ಮೂತ್ರ ಕಪ್ಪುಗಂದು ಬಣ್ಣಕ್ಕೆ ತಿರುಗಿತೆನ್ನುವ ಮಗು ಸೋಮಾರಿಯಲ್ಲ. ಅದು ಸ್ನಾಯುವಿಗೆ ಹಾನಿಯಾದುದರ ಚಿಹ್ನೆಯಾಗಿರಬಹುದು. ಮನೆಯವರನ್ನು ಕರೆಸಿ ಅಂದೇ ವೈದ್ಯರ ಬಳಿಗೆ ಕಳುಹಿಸಬೇಕು. ಅಂಥ ಮಗು ತನ್ನ ಕಷ್ಟವನ್ನು ಮೊದಲು ಹೇಳಿಕೊಳ್ಳುವುದು ತನ್ನ ಭಾಷೆಯಲ್ಲಿ, ತನ್ನ ಮಾತು ತಿಳಿಯುವ ಅಧ್ಯಾಪಕರಲ್ಲಿ. ಅನೇಕ ಊರುಗಳಲ್ಲಿ ಆ ಅಧ್ಯಾಪಕರು ನೀವೊಬ್ಬರೇ.

ನಾಳೆ ಹಲಗೆಯ ಮೇಲೆ ಆ ಚಿತ್ರವನ್ನು ಬರೆಯುವಾಗ ನಡುವಿನ ಬಾಣಕ್ಕೆ ಎರಡನೆಯ ಮೊನೆಯನ್ನೂ ಸೇರಿಸಿರಿ ಎಂಬುದಷ್ಟೇ ನನ್ನ ಕೋರಿಕೆ.